ಫುಲರಾಣಿ ಮತ್ತು ನಮ್ಮ ಮೀಟರ್ ಗೇಜ್

ನ್ಯೂಯಾರ್ಕಿನ ಸಸ್ಯೋದ್ಯಾನದಲ್ಲಿ 1992ರಿಂದ ಪ್ರತಿ ವರ್ಷ ಕ್ರಿಸ್‌ಮಸ್ ರಜೆಯ ಹೊತ್ತಿಗೆ ಒಂದು ಆಟಿಕೆ ರೈಲಿನ ಪ್ರದರ್ಶನ ನಡೆಯುತ್ತದೆ. ಗಾಜಿನ ಮನೆಯೊಳಗೆ, ಗಿಡಗಳ ನಡುವೆ ರೈಲುಗಳು ಓಡುತ್ತವೆ. ಹಳಿಯ ಪಕ್ಕದಲ್ಲಿ ಆ ಊರಿನ ಹೆಸರಾದ ಕಟ್ಟಡಗಳೆಲ್ಲ ನಿಂತಿರುತ್ತವೆ. ಅವನ್ನು ಕಟ್ಟಿರುವುದು ತೊಗಟೆ, ಕಡ್ಡಿ, ಬೀಜ, ಒಣಗಿದ ಕಾಯಿಗಳಿಂದ. ಅದರ ವಿಡಿಯೊ ನೋಡಿದ ನಮ್ಮ ವೇದಿಕೆಯ ಗೆಳತಿಯೊಬ್ಬರು, "ಪುಣೆಯಾಗ ಇಂಥಾದ್ದು ಏನೂ ಇಲ್ಲ ಬಿಡ್ರಿ" ಎಂದರು. ಇದೆ. ಆದರೆ ಒಂದೇ ಕಡೆ ಇಲ್ಲ, ಹಂಚಿಹೋಗಿದೆ.

ಮೊದಲನೆಯದು ಪೇಶ್ವೆ ಪಾರ್ಕಿನ ಫುಲರಾಣಿ. ಪರ್ವತಿ ಬೆಟ್ಟದ ಬುಡದಲ್ಲಿ ನಾನಾಸಾಹೇಬ ಪೇಶ್ವೆ ತೋಡಿಸಿದ್ದ ಕೆರೆ ಬಹುಕಾಲದ ಹಿಂದೆಯೇ ಬತ್ತಿ ತೋಟವಾಯಿತು. ಅಲ್ಲಿನ ಗಣಪನನ್ನು ಜನ ಈಗಲೂ 'ಕೆರೆಯೊಳಗಿನ ಗಣಪತಿ' ಎಂದೇ ಕರೆಯುತ್ತಾರೆ, ಸುತ್ತ ಕೆರೆಯ ನೀರಿಲ್ಲದಿದ್ದರೂ! ಅದರ ಪಕ್ಕದಲ್ಲೇ 1953ರಲ್ಲಿ ಪೇಶ್ವೆ ಪಾರ್ಕ್ ಆಯಿತು. 1956ರ ಏಪ್ರಿಲ್ 8ರಂದು ಅದರ ಮರಗಳ ನಡುವೆ ಮಕ್ಕಳ ರೈಲು ಶುರುವಾಯಿತು. ಫುಲರಾಣಿ ಎಂದರೆ ಹೂವಿನ ರಾಣಿ. ಬಾಲಕವಿಯ ಪ್ರಸಿದ್ಧ ಮರಾಠಿ ಕವಿತೆಯ ಹೆಸರೂ ಅದೇ. ಉದ್ಯಾನದ ರೈಲಿಗೆ ಇದಕ್ಕಿಂತ ಒಪ್ಪುವ ಹೆಸರು ನನಗಂತೂ ತೋಚುವುದಿಲ್ಲ. 1999ರ ನಂತರ ಅಲ್ಲಿನ ಹುಲಿ, ಕರಡಿಗಳು ಕಾತ್ರಜಕ್ಕೆ ಹೋದವು. ರೈಲು ಮಾತ್ರ ಅಲ್ಲೇ ಉಳಿಯಿತು.

ಆ ತಾರೀಖನ್ನು ಕನ್ನಡಿಗರಾದ ನಾವು ಇನ್ನೊಮ್ಮೆ ನೋಡಬೇಕು. 1956ರ ಏಪ್ರಿಲ್‌ನಲ್ಲಿ ಪುಣೆ, ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲವೂ ಮುಂಬಯಿ ರಾಜ್ಯದಲ್ಲೇ ಇದ್ದವು. ಏಳು ತಿಂಗಳು ತುಂಬುವ ಮೊದಲೇ, ನವೆಂಬರ್ 1ಕ್ಕೆ, ರಾಜ್ಯ ಪುನರ್ವಿಂಗಡಣೆಯಾಗಿ ಆ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಬೆಳಗಾವಿ ಜಿಲ್ಲೆಯ ಚಂದಗಡ ತಾಲೂಕು ಮಾತ್ರ ಈ ಕಡೆಗೇ ಉಳಿಯಿತು.

ನಮ್ಮ ಅತ್ತೆಯವರು ಧಾರವಾಡದವರು. ಅವರ ಸೋದರತ್ತೆಯ ಮನೆ ಪುಣೆಯ ಸದಾಶಿವ ಪೇಠೆಯಲ್ಲಿತ್ತು. 1957ರ ಬೇಸಿಗೆ ರಜೆಗೆ ಅವರು ಇಲ್ಲಿಗೆ ಬಂದಾಗ ಏಳು ವರ್ಷದ ಹುಡುಗಿ. ಹಿಂದಿನ ರಜೆಯಲ್ಲಿ ಊರಿಂದ ಊರಿಗೆ ಬಂದಿದ್ದರು, ಈ ಸಲ ರಾಜ್ಯದಿಂದ ರಾಜ್ಯಕ್ಕೆ. "ನಮಗೇನ್ ಗೊತ್ತವಾ ರಾಜ್ಯ ಗೀಜ್ಯ? ಗಾಡಿ ಅದ, ಬುತ್ತಿ ಅದ, ಫುಲರಾಣಿ ಅದ" ಎನ್ನುತ್ತಾರೆ. ದೊಡ್ಡವರಿಗೆ ಅಷ್ಟು ಸರಳವಾಗಿರಲಿಲ್ಲ. ಗಡಿಯ ಜಗಳ ಊಟದ ಪಂಕ್ತಿಗೂ ಬರುತ್ತಿತ್ತಂತೆ. ಆಗ ಸೋದರತ್ತೆ ಕೈತೊಳೆದು ಎದ್ದು, ಮಕ್ಕಳನ್ನೆಲ್ಲ ಕರೆದುಕೊಂಡು ಪೇಶ್ವೆ ಪಾರ್ಕಿಗೆ ಹೊರಟುಬಿಡುತ್ತಿದ್ದರು.

ಅವರನ್ನು ಕರೆತಂದ 'ಗಾಡಿ'ಯ ಕಥೆ ಬೇರೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ ಮೀಟರ್ ಗೇಜ್ ಹಳಿ ಅದು. ಪುಣೆ, ಮಿರಜ, ಬೆಳಗಾವಿ, ಲೋಂಡಾ, ಅಳ್ನಾವರ, ಧಾರವಾಡ. 1970ರ ದಶಕದ ಆರಂಭದಲ್ಲಿ ಪುಣೆಯಿಂದ ಮಿರಜದವರೆಗೆ ಬ್ರಾಡ್ ಗೇಜ್ ಆಯಿತು, ಮುಂದಿನದು 1990ರ ದಶಕದವರೆಗೆ ಮೀಟರ್ ಗೇಜಾಗಿಯೇ ಇತ್ತು. ನಡುವಿನ ಆ ವರ್ಷಗಳಲ್ಲಿ ಮಿರಜದಲ್ಲಿ ಗಂಟುಮೂಟೆ ಇಳಿಸಿ ಗಾಡಿ ಬದಲಿಸಬೇಕಿತ್ತು. ರಾಜ್ಯದ ಗಡಿಗಿಂತ ಆ ಹಳಿಯ ಅಗಲವೇ ಹೆಂಗಸರಿಗೆ ಹೆಚ್ಚು ಕಾಡಿತು ಎಂಬುದು ನನ್ನ ಎಣಿಕೆ. ಕೈಯಲ್ಲಿ ಕೂಸು, ಕಂಕುಳಲ್ಲಿ ಟ್ರಂಕು ಇದ್ದವರಿಗೆ ಅದು ಗೊತ್ತು.

ಎರಡನೆಯದು ಕೋಥ್ರೂಡ್‌ನ ಜೋಶಿ ಅವರ ಪುಟಾಣಿ ರೈಲ್ವೆ ಮ್ಯೂಸಿಯಂ. ಭಾವುಸಾಹೇಬ ಜೋಶಿ ಎಂಬ ಉದ್ಯಮಿ ತಮ್ಮ ಹವ್ಯಾಸವನ್ನೇ ಬೆಳೆಸಿ, 1998ರ ಏಪ್ರಿಲ್ 1ರಂದು ಜನರಿಗೆ ತೆರೆದದ್ದು. ಒಂದು ಕೋಣೆಯ ತುಂಬ ಒಂದು ಊರು: ನಿಲ್ದಾಣ, ಸಿಗ್ನಲ್ಲು, ಸರ್ಕಸ್ಸು, ಈಜುಕೊಳ. ಅದಿರುವ ರಸ್ತೆಗೆ ಜಿ. ಎ. ಕುಲಕರ್ಣಿಯವರ ಹೆಸರಿದೆ. ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ ಮರಾಠಿ ಕಥೆ ಬರೆದು, ಕೊನೆಗಾಲಕ್ಕೆ ಪುಣೆಗೆ ಬಂದವರು. ನಮ್ಮ ಹಳಿಯ ಪ್ರಯಾಣಿಕರೇ ಅನ್ನಿ!

ಮೂರನೆಯದಕ್ಕೆ ಟಿಕೆಟ್ಟೇ ಇಲ್ಲ. ದೀಪಾವಳಿಗೆ ಪುಣೆಯ ಮಕ್ಕಳು ಅಂಗಳದಲ್ಲಿ ಮಣ್ಣಿನ ಕಿಲ್ಲಾ ಕಟ್ಟಿ, ಅಳವಿ ಬೀಜ ಚೆಲ್ಲಿ ಹಸಿರು ಬರಿಸುತ್ತಾರೆ. ಮೈಸೂರು ಕಡೆಯವರು ದಸರಾ ಗೊಂಬೆಯ ಮುಂದೆ ರಾಗಿ ಮೊಳಕೆಯ 'ಪಾರ್ಕ್' ಮಾಡುತ್ತಾರೆ. ನ್ಯೂಯಾರ್ಕಿನವರದು ದೊಡ್ಡ ಗಾಜಿನ ಮನೆ, ನಮ್ಮದು ಹಳೆಯ ಸ್ಟೀಲ್ ತಟ್ಟೆ, ಅಷ್ಟೇ.

ಈ ದಸರೆಗೆ ವೇದಿಕೆಯ ಗೊಂಬೆಗಳ ಮುಂದೆ ಆ ಮೀಟರ್ ಗೇಜ್ ಗಾಡಿಯನ್ನು ಓಡಿಸೋಣ ಎಂದು ನನ್ನ ಆಸೆ. ಹವ್ಯಾಸಿಗಳು ಬಹಳವಾಗಿ ಬಳಸುವ ಎಚ್‌ಓ ಅಳತೆ 87ಕ್ಕೆ 1. ಅಂಗಡಿಯಲ್ಲಿ ಸಿಗುವ 16.5 ಮಿಲಿಮೀಟರ್ ಹಳಿ ವಿದೇಶದ 1,435 ಮಿ.ಮೀ. ಹಳಿಗೆ ಸರಿಹೊಂದುತ್ತದೆ. ನಮ್ಮ ಬ್ರಾಡ್ ಗೇಜ್ 1,676, ಅದಕ್ಕೆ 19.3 ಬೇಕು. ಮೀಟರ್ ಗೇಜಿಗೆ ಸುಮಾರು 11.5. ಹಾಗಾಗಿ ಹಳಿಯನ್ನು ನಾವೇ ಮಾಡಿಕೊಳ್ಳಬೇಕು. ಮಿರಜದಲ್ಲಿ ಗಾಡಿ ಬದಲಿಸಿದ ಹಿರಿಯರ ಮನೆಯಲ್ಲಿ ಆ ಕಾಲದ ಫೋಟೊ ಇದ್ದರೆ ದಯವಿಟ್ಟು ಕಳುಹಿಸಿ. ಡಬ್ಬಿಯ ಬಣ್ಣದ ಬಗ್ಗೆ ನಮ್ಮ ಅತ್ತೆಯವರಿಗೂ ಅವರ ಅಣ್ಣನಿಗೂ ಇನ್ನೂ ಒಮ್ಮತವಾಗಿಲ್ಲ. ರಾಗಿ ಮೊಳಕೆ ಬರಿಸುವ ಕೆಲಸ ನನ್ನದು.