ಹೆಸರು, ನೆಲೆ, ದಾರಿ: ಚಿಕ್ಕೋಡಿ ಸೀಮೆಯ ವಿಳಾಸಗಳೂ ಗಣಕಜಾಲದ ಅಂಕಕ್ರಮವೂ

ರಾಯಬಾಗ ಪಟ್ಟಣವು 1949ರ ಮಾರ್ಚ್ 1ರವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ವಿಲೀನದ ತರುವಾಯ ಅದು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯ ಊರಾಯಿತು. 1956ರ ನವೆಂಬರ್ 1ರಂದು, ಚಂದಗಡ ತಾಲೂಕನ್ನುಳಿದು ಆ ಜಿಲ್ಲೆಯೆಲ್ಲ ಮೈಸೂರು ರಾಜ್ಯವನ್ನು ಸೇರಿದಾಗ ಅದಕ್ಕೆ ಮೂರನೆಯ ವಿಳಾಸ ಬಂದಿತು. 1973ರಲ್ಲಿ ರಾಜ್ಯವು ಕರ್ನಾಟಕವೆಂಬ ಹೆಸರನ್ನು ತಳೆದಾಗ ನಾಲ್ಕನೆಯದು. ಈ ಇಪ್ಪತ್ತೈದು ವರ್ಷಗಳಲ್ಲಿ ಊರು ತಾನಿದ್ದ ನೆಲವನ್ನು ಬಿಟ್ಟು ಒಂದು ಅಂಗುಲವೂ ಸರಿಯಲಿಲ್ಲ. ಆದರೆ ಪರಸ್ಥಳದಿಂದ ಅಲ್ಲಿಗೆ ಕಾಗದ ಬರೆಯುತ್ತಿದ್ದವರು ಲಕೋಟೆಯ ಕೊನೆಯ ಸಾಲನ್ನು ಮೂರು ಸಲ ತಿದ್ದಬೇಕಾಯಿತು. ಚಿಕ್ಕೋಡಿ, ಅಥಣಿಗಳು ಮೊದಲಿನಿಂದ ಬ್ರಿಟಿಷ್ ಜಿಲ್ಲೆಯ ತಾಲೂಕುಗಳಾಗಿದ್ದುದರಿಂದ ಅವುಗಳಿಗೆ ಒಂದು ತಿದ್ದುಪಡಿ ಕಡಿಮೆ.

ಇಂದು ತಾಲೂಕು ಕಚೇರಿಗಳಲ್ಲಿಯೂ ಕಾಲೇಜುಗಳಲ್ಲಿಯೂ ಗಣಕಜಾಲವನ್ನು ನೋಡಿಕೊಳ್ಳುವವರು ಯಂತ್ರಗಳಿಗೆ ಅಂಕೆಗಳನ್ನು ಹಂಚುವಾಗ, ಅರಿತೋ ಅರಿಯದೆಯೋ, ಇದೇ ಬಗೆಯ ಇತಿಹಾಸವನ್ನು ಬರೆಯುತ್ತಿರುತ್ತಾರೆ. ಆದುದರಿಂದ ಈ ಸೀಮೆಯ ವಿಳಾಸಗಳನ್ನು ಅವರ ಕಣ್ಣಿನಿಂದ ಒಮ್ಮೆ ನೋಡುವುದು ನಿಷ್ಪ್ರಯೋಜಕವಾಗಲಾರದು.

1978ರಲ್ಲಿ ಜಾನ್ ಶಾಕ್ ಎಂಬ ಅಮೆರಿಕದ ಗಣಕತಜ್ಞರು ಮೂರು ಮಾತುಗಳನ್ನು ಬೇರ್ಪಡಿಸಿ ತೋರಿಸಿದರು. ನಾವು ಏನನ್ನು ಅರಸುತ್ತೇವೆಯೋ ಅದು ಹೆಸರು. ಅದು ಎಲ್ಲಿದೆಯೆಂಬುದು ವಿಳಾಸ. ಅಲ್ಲಿಗೆ ಮುಟ್ಟುವ ಬಗೆ ದಾರಿ. 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಇಂಟರ್‌ನೆಟ್ ಪ್ರೋಟೊಕಾಲಿನ ವಿವರಣೆಯೂ ಇದೇ ವಿಭಾಗವನ್ನು ಅಂಗೀಕರಿಸಿದೆ. ಮೂರೂ ಬೇರೆ ಎಂಬುದು ಮೇಲುನೋಟಕ್ಕೆ ಸಾಮಾನ್ಯ ಮಾತು. ಆದರೆ ವ್ಯವಹಾರದಲ್ಲಿ ಇವು ಎಷ್ಟು ಬೆರೆತುಹೋಗಿವೆ ಎಂಬುದಕ್ಕೆ ಮೀರಜ-ಬೆಳಗಾವಿ ರೈಲುಮಾರ್ಗದ 'ಚಿಕ್ಕೋಡಿ ರೋಡ್' ನಿಲ್ದಾಣವೇ ಸಾಕ್ಷಿ. ಅದು ಚಿಕ್ಕೋಡಿಯಲ್ಲ, ಪಟ್ಟಣವು ಅಲ್ಲಿಂದ ಹಲವು ಮೈಲಿ ದೂರ. ಚಿಕ್ಕೋಡಿಗೆ ಹೋಗುವವನು ಇಳಿಯಬೇಕಾದ ಸ್ಥಳವೆಂಬುದಷ್ಟೇ ಅದರ ಅರ್ಥ. ಹೆಸರಿನ ವೇಷದಲ್ಲಿರುವ ದಾರಿ ಅದು. ಜಾಲದವರು 'ಗೇಟ್‌ವೇ' ಎನ್ನುವುದು ಇಂತಹ ನಿಲ್ದಾಣವನ್ನೇ: ತನ್ನ ಬಳಗದಲ್ಲಿಲ್ಲದ ಯಂತ್ರಕ್ಕೆ ಕಳುಹಬೇಕಾದ ಪೊಟ್ಟಣವನ್ನೆಲ್ಲ ಗಣಕವು ಮೊದಲು ಅಲ್ಲಿಗೆ ಒಯ್ದು ಇಳಿಸುತ್ತದೆ, ಮುಂದಿನ ದಾರಿಯ ಚಿಂತೆ ಅದಕ್ಕಿಲ್ಲ.

ಈ ಭಾಗದ ಹಳೆಯ ಲಕೋಟೆಗಳ ಮೇಲೆ 'ಮು. ಪೋ.', 'ತಾ.', 'ಜಿ.' ಎಂಬ ಸಂಕ್ಷೇಪಗಳು ಸಾಲಾಗಿ ಬರುತ್ತವೆ: ಮುಕ್ಕಾಮು ಮತ್ತು ಪೋಸ್ಟು, ತಾಲೂಕು, ಜಿಲ್ಲೆ. ಕಿರಿದರಿಂದ ಹಿರಿದಕ್ಕೆ ಏರುವ ಕ್ರಮವಿದು. ಉಗಾರ ಖುರ್ದ, ಉಗಾರ ಬುದ್ರುಕ ಎಂಬಂತಹ ಜೋಡಿ ಹೆಸರುಗಳಲ್ಲಿ ಕಿರಿದು, ಹಿರಿದು ಎಂಬರ್ಥದ ಫಾರಸಿ ಮೂಲದ ಪದಗಳನ್ನು ಹಚ್ಚಿದುದೂ ಗೊಂದಲವನ್ನು ತಪ್ಪಿಸಲೆಂದೇ. ಪಾಲ್ ಮೊಕಪೆಟ್ರಿಸ್ ಅವರು 1983ರಲ್ಲಿ ರೂಪಿಸಿದ ಡೊಮೇನ್ ನಾಮವ್ಯವಸ್ಥೆಯೂ ಹೀಗೆಯೇ ಎಡದಿಂದ ಬಲಕ್ಕೆ ಕಿರಿದರಿಂದ ಹಿರಿದಕ್ಕೆ ಸಾಗುತ್ತದೆ.

ಅಂಕೆಯ ವಿಳಾಸದ ನಡೆ ಇದಕ್ಕೆ ವಿರುದ್ಧ. ಶ್ರೀರಾಮ ಭಿಕಾಜಿ ವೇಲಣಕರರು ಯೋಜಿಸಿದ ಪಿನ್ ಕೋಡ್ 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. (ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತುದೂ ಆಗಸ್ಟ್ 15ರಂದೇ, 1995ರಲ್ಲಿ.) ಆರು ಅಂಕೆಗಳಲ್ಲಿ ಮೊದಲನೆಯದು ವಲಯವನ್ನೂ, ಎರಡನೆಯದು ಉಪವಲಯವನ್ನೂ, ಮೂರನೆಯದು ವಿಂಗಡಣೆಯ ಜಿಲ್ಲೆಯನ್ನೂ, ಉಳಿದ ಮೂರು ಬಟವಾಡೆಯ ಕಚೇರಿಯನ್ನೂ ಹೇಳುತ್ತವೆ. ಇದರ ಸ್ವಾರಸ್ಯವಿರುವುದು ಓದುವವನ ಅಜ್ಞಾನದಲ್ಲಿ. ಗುವಾಹಟಿಯಲ್ಲಿ ಕಾಗದ ವಿಂಗಡಿಸುವವನಿಗೆ ರಾಯಬಾಗವೆಂಬ ಊರಿದೆಯೆಂದು ತಿಳಿದಿರಬೇಕಿಲ್ಲ. 59 ಎಂಬ ಮೊದಲ ಎರಡು ಅಂಕೆ ಸಾಕು. ಕಾಗದವು ಹತ್ತಿರ ಬಂದಂತೆ ಮುಂದಿನ ಅಂಕೆಗಳನ್ನು ಓದುವವರು ಇದ್ದೇ ಇರುತ್ತಾರೆ. ಲೋಕದ ಕೋಟ್ಯಂತರ ಯಂತ್ರಗಳ ಪಟ್ಟಿಯನ್ನು ಯಾವ ರೌಟರೂ ಇಟ್ಟುಕೊಳ್ಳದಿರಲು ಕಾರಣವೂ ಇದೇ: ಅದು ವಿಳಾಸದ ಮುಂಭಾಗವನ್ನು ಮಾತ್ರ ನೋಡಿ ಪೊಟ್ಟಣವನ್ನು ಮುಂದೂಡುತ್ತದೆ. ಮುಟ್ಟಿತೋ ಇಲ್ಲವೋ ಎಂಬ ಹೊಣೆ ಇಂಟರ್‌ನೆಟ್ ಪ್ರೋಟೊಕಾಲಿನದಲ್ಲ, ಸಾದಾ ಅಂಚೆಯಂತೆಯೇ. ಸ್ವೀಕೃತಿ ಚೀಟಿಯನ್ನು ಮರಳಿ ತರಿಸಿ, ಬಾರದಿದ್ದರೆ ಮತ್ತೆ ಕಳುಹುವ ಕೆಲಸವನ್ನು ಅದರ ಮೇಲಿನ ಟಿಸಿಪಿ ಮಾಡುತ್ತದೆ.

ಇನ್ನು ನಮ್ಮ ಐದು ಊರುಗಳ ಅಂಕೆಗಳನ್ನು ನೋಡೋಣ. ಚಿಕ್ಕೋಡಿ 591201, ನಿಪ್ಪಾಣಿ 591237, ಕಾಗವಾಡ 591223, ಅಥಣಿ 591304, ರಾಯಬಾಗ 591317. ಕಾಗವಾಡವು ಬಹುಕಾಲ ಅಥಣಿ ತಾಲೂಕಿನ ಊರಾಗಿತ್ತು. ಆದರೂ ಅದರ ಅಂಕೆ ಚಿಕ್ಕೋಡಿ, ನಿಪ್ಪಾಣಿಗಳ ಸಾಲಿನಲ್ಲಿದೆ, ಅಥಣಿಯ ಸಾಲಿನಲ್ಲಿಲ್ಲ. ಅದರ ನೆರೆಯ ಶೇಡಬಾಳ 591315. ಎಂದರೆ ಕೊನೆಯ ಮೂರು ಅಂಕೆಗಳು ಕಂದಾಯದ ಗಡಿಗಳನ್ನು ಅನುಸರಿಸಿಲ್ಲ. ಮೊದಲ ಎರಡರ ಸಂಗತಿ ಬೇರೆ. ಕಾಗವಾಡದಿಂದ ಕೆಲವೇ ಮೈಲಿ ದೂರದ ಮೀರಜಿನ ಅಂಕೆ 416410. ಸಂತೆಗೂ ಆಸ್ಪತ್ರೆಗೂ ಜನ ನಿತ್ಯ ಹೋಗಿಬರುವ ಎರಡು ಊರುಗಳು ಮೊದಲ ಅಂಕೆಯಲ್ಲಿಯೇ ಅಗಲಿವೆ. ಕಾಗವಾಡವೂ ಹೈದರಾಬಾದೂ ಆ ಒಂದು ಅಂಕೆಯಲ್ಲಿ ಕೂಡಿವೆ. 1956ರ ಗಡಿಯನ್ನು 1972ರ ಅಂಕೆ ಹೀಗೆ ಅಚ್ಚೊತ್ತಿ ಇಟ್ಟುಕೊಂಡಿತು. (ಆ ಗಡಿಯನ್ನು ಕುರಿತು ಮಹಾರಾಷ್ಟ್ರವು 2004ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ದಾವೆಯ ಗುಣದೋಷ ಇಲ್ಲಿಯ ವಿಚಾರವಲ್ಲ.) ಒಮ್ಮೆ ಅಚ್ಚಾದ ಮೇಲೆ ಅಂಕೆ ಸುಲಭವಾಗಿ ಅಳಿಯುವುದಿಲ್ಲ: 2014ರಲ್ಲಿ ತೆಲಂಗಾಣವು ಬೇರೆ ರಾಜ್ಯವಾದರೂ ಹೈದರಾಬಾದಿನ ಕಾಗದಗಳಿಗೆ ಈಗಲೂ 500ರ ಅಂಕೆಯೇ. ಈಚೆಗೆ ನಿಪ್ಪಾಣಿ, ಕಾಗವಾಡಗಳು ತಾಲೂಕುಗಳಾದಾಗ ಲಕೋಟೆಯ 'ತಾ.' ಸಾಲು ಬದಲಾಯಿತು. ಅಂಕೆ ಇದ್ದಂತೆಯೇ ಇದೆ.

ಇಂಟರ್‌ನೆಟ್ಟಿನ ಮೊದಲ ಅಂಕಕ್ರಮದಲ್ಲಿಯೂ ಪಿನ್ ಕೋಡಿನ ಬಿಗುಪೇ ಇತ್ತು. 32 ಬಿಟ್ಟುಗಳ ವಿಳಾಸವನ್ನು 8, 16 ಅಥವಾ 24ರಲ್ಲಿ ಮಾತ್ರ ಕತ್ತರಿಸಬಹುದಿತ್ತು. 300 ಯಂತ್ರಗಳಿದ್ದ ಸಂಸ್ಥೆಗೆ 256 ವಿಳಾಸಗಳ ಗುಂಪು ಸಾಲದು, 65,536ರ ಗುಂಪು ದಂಡ. ಅಪವ್ಯಯ ಮಿತಿಮೀರಿದಾಗ, 1993ರಲ್ಲಿ, ಎಲ್ಲಿ ಬೇಕಾದರೂ ಕತ್ತರಿಸುವ ಸಿಡರ್ ಪದ್ಧತಿ ಬಂದಿತು. ಇದರ ಮಾದರಿ ನಮ್ಮ ದೂರವಾಣಿಯಲ್ಲಿದೆ. ಬೆಳಗಾವಿಯ ಸಂಕೇತ 0831, ರಾಯಬಾಗದ್ದು 08331. ಆರಂಭದ ಸೊನ್ನೆಯನ್ನು ಬಿಟ್ಟರೆ ಒಂದರಲ್ಲಿ ಮೂರು ಅಂಕೆ, ಇನ್ನೊಂದರಲ್ಲಿ ನಾಲ್ಕು. ಮುಂದೆ ಬೆಳಗಾವಿಗೆ ಏಳಂಕೆಯ ಸಂಖ್ಯೆ, ರಾಯಬಾಗಕ್ಕೆ ಆರಂಕೆಯದು. ಒಟ್ಟು ಹತ್ತೇ. ದೊಡ್ಡ ಊರಿಗೆ ಗಿಡ್ಡ ಸಂಕೇತ, ಹೆಚ್ಚು ಜಾಗ. ಸಣ್ಣ ಊರಿಗೆ ಉದ್ದ ಸಂಕೇತ, ಕಡಿಮೆ ಜಾಗ. ಗಣಕಜಾಲದವರು /20, /24 ಎಂದು ಗೀಟು ಹಾಕಿ ಬರೆಯುವ ಅಂಕೆಯ ಅರ್ಥವೂ ಇಷ್ಟೇ: ಸಂಕೇತದ ಉದ್ದ. ಒಂದೇ ಪೊಟ್ಟಣಕ್ಕೆ ಎರಡು ಸಂಕೇತಗಳು ಹೊಂದಿದರೆ ರೌಟರು ಉದ್ದನೆಯದನ್ನು ಮನ್ನಿಸುತ್ತದೆ. ಕಾಗವಾಡದಂತಹ ಅಪವಾದಗಳಿಗೆ ಅವಕಾಶ ದೊರೆಯುವುದು ಈ ನಿಯಮದಿಂದ.

ಖಾಸಗಿ ವಿಳಾಸಗಳನ್ನು ಕುರಿತು ಹೆಚ್ಚು ಹೇಳಬೇಕಿಲ್ಲ. ಬೆಳಗಾವಿ ಜಿಲ್ಲೆಯ ಉತಾರಗಳಲ್ಲಿ ಬರುವ 'ರಿ. ಸ. ನಂ. 45' ಊರೂರಿಗೂ ಒಂದೊಂದಿರುತ್ತದೆ. ಊರ ಹೊರಗೆ ಅದಕ್ಕೆ ಅರ್ಥವಿಲ್ಲ. 1996ರಲ್ಲಿ ಇಂತಹ ಬಳಕೆಗೆಂದೇ ಖಚಿತವಾಗಿ ಮೀಸಲಿಟ್ಟ 10.0.0.0, 172.16.0.0, 192.168.0.0 ಎಂಬ ಗುಂಪುಗಳು ಅದೇ ಜಾತಿಯವು. ಸುಮಾರು 429 ಕೋಟಿ ವಿಳಾಸಗಳು ಸಾಲದೆ, ಹಂಚಿಕೆಯ ಕೇಂದ್ರ ಭಂಡಾರವು 2011ರ ಫೆಬ್ರವರಿಯಲ್ಲಿ ಬರಿದಾದ ಮೇಲೆ ಇವುಗಳ ಆಸರೆ ಇನ್ನೂ ಹೆಚ್ಚಿತು.

ಇಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ, ಅದು ಕೇವಲ ಪಾಂಡಿತ್ಯದ್ದಲ್ಲ. ಜಿಲ್ಲೆಯ ಕಚೇರಿಗಳನ್ನು ಬೆಸೆಯುವ ಜಾಲವೊಂದರಲ್ಲಿ 10ರ ಗುಂಪನ್ನು ಹಂಚುವವರು ಎರಡನೆಯ ಅಂಕೆಯನ್ನು ತಾಲೂಕಿಗೆ, ಮೂರನೆಯದನ್ನು ಹೋಬಳಿಗೆ ಎಂದು ಕೊಡಬಹುದು. ಕಾಗದದ ಮೇಲೆ ಅದು ಚೆಲುವಾಗಿ ಕಾಣುತ್ತದೆ. ಆದರೆ ತಂತಿಗಳು ತಾಲೂಕನ್ನು ಅರಿಯವು. ಕಾಗವಾಡದ ತಂತಿ ಅಥಣಿಯ ಮೂಲಕ ಬರದೆ ಚಿಕ್ಕೋಡಿಯ ಮೂಲಕ ಬಂದರೆ, ಅಥಣಿಯ ಸಂಕೇತದಡಿಯಲ್ಲಿ ಅದನ್ನು ಮಡಿಚಿಡಲು ಬರುವುದಿಲ್ಲ. ಪ್ರತಿ ರೌಟರಿನಲ್ಲಿಯೂ ಅದಕ್ಕೊಂದು ಬೇರೆ ಸಾಲು ಬೇಕಾಗುತ್ತದೆ. ನಾಳೆ ತಾಲೂಕು ಒಡೆದರೆ ಅಂಕೆ ಸುಳ್ಳಾಗುತ್ತದೆ. ಅದನ್ನು ತಿದ್ದಹೊರಟರೆ ಮುದ್ರಣಯಂತ್ರದಿಂದ ಮೊದಲ್ಗೊಂಡು ಕಾವಲುಗೋಡೆಯ ನಿಯಮಗಳವರೆಗೆ ಎಲ್ಲವನ್ನೂ ಮುಟ್ಟಬೇಕು. ಅಂಕೆಯು ತಂತಿಯನ್ನು ಅನುಸರಿಸಲಿ, ತಾಲೂಕು ಹೆಸರಿನಲ್ಲಿರಲಿ ಎಂಬುದು ಈ ಲೇಖಕನ ಮತ. ಹೆಸರನ್ನು ಬದಲಿಸಲು ನಾಮವ್ಯವಸ್ಥೆಯಲ್ಲಿ ಒಂದು ಸಾಲು ತಿದ್ದಿದರೆ ಸಾಕು. 2014ರ ನವೆಂಬರ್ 1ರಂದು ಬೆಳಗಾಂ ಎಂಬುದು ಅಧಿಕೃತವಾಗಿ ಬೆಳಗಾವಿ ಆದಾಗ 590001 ಎಂಬ ಅಂಕೆಗೆ ಏನೂ ಆಗಲಿಲ್ಲ.

ಭಾರತೀಯ ಅಂಚೆಯು 2025ರಲ್ಲಿ ಹೊರತಂದ ಹತ್ತು ಅಕ್ಷರಗಳ ಡಿಜಿಪಿನ್ ಈ ಚರ್ಚೆಗೆ ಇನ್ನೊಂದು ಮಗ್ಗುಲನ್ನು ಸೇರಿಸಿದೆ. ಅದು ಅಕ್ಷಾಂಶ ರೇಖಾಂಶಗಳಿಂದ ಹುಟ್ಟಿದುದು. ಸುಮಾರು ನಾಲ್ಕು ಮೀಟರು ಚದರದ ನೆಲವನ್ನು ಗುರುತಿಸುತ್ತದೆ. ರಾಜ್ಯದ ಗಡಿ ಅದಕ್ಕೆ ಕಾಣದು. ಕಾಗವಾಡದ ಹೊಲವೂ ಗಡಿಯಾಚೆಯ ಹೊಲವೂ ಅದರ ಪಟದಲ್ಲಿ ಪಕ್ಕಪಕ್ಕದ ಚೌಕಗಳು. ಆದರೆ ಅದು ಹೇಳುವುದು ನೆಲೆಯನ್ನು ಮಾತ್ರ. ಕಾಗದವನ್ನು ಮೀರಜಿನ ಚೀಲಕ್ಕೆ ಹಾಕಬೇಕೋ ಬೆಳಗಾವಿಯ ಚೀಲಕ್ಕೆ ಹಾಕಬೇಕೋ ಎಂಬುದನ್ನು ಹೇಳಲು ಪಿನ್ ಕೋಡ್ ಬೇಕೇ ಬೇಕು. ಕಾಗವಾಡದ ಲಕೋಟೆಯ ಮೇಲೆ 591223 ಇನ್ನೂ ಬರೆಯಲ್ಪಡುತ್ತಿದೆ.