ಗಾಯದ ಪಕ್ಕದಲ್ಲೊಂದು ಸ್ಕೇಲು

1978ರ ಸೆಪ್ಟೆಂಬರ್. ಈ ತಿಂಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಅಮೆರಿಕದ ಶಿಕಾಗೋದಲ್ಲಿ ಮಾರ್ಟಿ ಗಾಡರ್ಡ್ ಎಂಬ ಮಹಿಳೆ ಪಟ್ಟು ಬಿಡದೆ ಓಡಾಡಿದ್ದರ ಫಲವಾಗಿ ಆಸ್ಪತ್ರೆಗಳಿಗೆ ಒಂದು ರಟ್ಟಿನ ಡಬ್ಬಿ ಬಂತು. ಒಳಗೆ ಹತ್ತಿ ಸುತ್ತಿದ ಕಡ್ಡಿ, ಗಾಜಿನ ಸ್ಲೈಡು, ಬಾಚಣಿಗೆ, ಲಕೋಟೆ. ಅತ್ಯಾಚಾರದ ಸಾಕ್ಷ್ಯ ಸಂಗ್ರಹಿಸೋಕೆ ಒಂದು ಕ್ರಮ ಸಿಕ್ಕಿತು.

ಅದೇ ತಿಂಗಳು ನಮ್ಮ ಸುಪ್ರೀಂ ಕೋರ್ಟ್ ಏನು ಮಾಡಿತು ಗೊತ್ತಾ? ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ನಡೆದ ಆರೋಪದಲ್ಲಿ ಇಬ್ಬರು ಪೊಲೀಸರನ್ನೂ ಬಿಡುಗಡೆ ಮಾಡಿತು. ಮೈಮೇಲೆ ಗಾಯವಿಲ್ಲ, ಅಂದರೆ ಆಕೆ ಪ್ರತಿಭಟಿಸಿಲ್ಲ. ತೀರ್ಪಿನ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಸರಿ, ಗಾಯ ಇದ್ದರೂ ಅದನ್ನು ಸರಿಯಾಗಿ ನೋಡೋರು ಯಾರು? ಆಗಿನ ಅಮೆರಿಕದಲ್ಲೂ ಇದೇ ಪ್ರಶ್ನೆ. ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ ಹೆಣ್ಣುಮಗಳು ಗಂಟೆಗಟ್ಟಲೆ ಕಾಯಬೇಕಿತ್ತು. ಸಾಕ್ಷ್ಯ ಹಾಳಾಗುತ್ತೆ ಅಂತ ನೀರು ಕುಡಿಯುವಂತಿಲ್ಲ, ಮೂತ್ರಕ್ಕೆ ಹೋಗುವಂತಿಲ್ಲ. ವೈದ್ಯರಲ್ಲಿ ಅನೇಕರಿಗೆ ಈ ಪರೀಕ್ಷೆಯ ತರಬೇತಿ ಇರಲಿಲ್ಲ, ಮೇಲಾಗಿ ಕೋರ್ಟಿಗೆ ಅಲೆಯಬೇಕಲ್ಲ ಅನ್ನೋ ಹಿಂಜರಿಕೆ. ಇದನ್ನು ದಿನಾ ಕಣ್ಣಾರೆ ನೋಡುತ್ತಿದ್ದ ನರ್ಸ್‌ಗಳೇ ಈ ಕೆಲಸಕ್ಕೆ ಕೈಹಾಕಿದರು. 1976ರಲ್ಲಿ ಮೆಂಫಿಸ್, 1977ರಲ್ಲಿ ಮಿನಿಯಾಪೊಲಿಸ್, 1979ರಲ್ಲಿ ಅಮರಿಲ್ಲೊ. 1992ರಲ್ಲಿ ವಿಧಿವಿಜ್ಞಾನ ನರ್ಸ್‌ಗಳ ಅಂತಾರಾಷ್ಟ್ರೀಯ ಸಂಘವೇ ಹುಟ್ಟಿತು.

ಅವರ ಕೈಗೆ ಕ್ಯಾಮೆರಾ ಬಂದಿದ್ದು ಯಾಕೆ? ಮೂಗೇಟಿನ ಬಣ್ಣ ದಿನದಿಂದ ದಿನಕ್ಕೆ ಬದಲಾಗುತ್ತೆ, ಆಮೇಲೆ ಮಾಯವಾಗುತ್ತೆ. ವಿಚಾರಣೆ ಬರೋದು ತಿಂಗಳುಗಳ, ವರ್ಷಗಳ ನಂತರ. ಹಾಗಾಗಿ ಮೊದಲು ವ್ಯಕ್ತಿಯ ಗುರುತಿಗೊಂದು ಫೋಟೋ, ನಂತರ ಗಾಯವಾದ ಅಂಗ, ಆಮೇಲೆ ಗಾಯ ಹತ್ತಿರದಿಂದ. ಒಂದು ಸಲ ಸ್ಕೇಲಿಲ್ಲದೆ, ಇನ್ನೊಂದು ಸಲ ಸ್ಕೇಲಿಟ್ಟು. ಸ್ಕೇಲಿನ ಕೆಳಗೆ ಏನೋ ಮುಚ್ಚಿಟ್ಟಿದ್ದಾರೆ ಅಂತ ನಾಳೆ ಯಾರೂ ಹೇಳಬಾರದು ನೋಡಿ! ನಾನು ಎಂಜಿನಿಯರಿಂಗ್ ಓದಿದವಳು. ಇಂಗ್ಲಿಷಿನ ಎಲ್ ಅಕ್ಷರದ ಆಕಾರದ ಆ ಸ್ಕೇಲು ನನಗೆ ಬಹಳ ಹಿಡಿಸಿತು. ಅದರ ಮೇಲೆ ವೃತ್ತಗಳನ್ನು ಮುದ್ರಿಸಿರುತ್ತಾರೆ. ಫೋಟೋದಲ್ಲಿ ವೃತ್ತ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಕ್ಯಾಮೆರಾ ಓರೆಯಾಗಿತ್ತು ಅಂತ ಅರ್ಥ. ಅಳತೆ ನಂಬುವಂತಿಲ್ಲ.

ಇನ್ನೊಂದು ನಿಯಮ ಇದಕ್ಕಿಂತ ದೊಡ್ಡದು. ಫೋಟೋ ತೆಗೆಯುವ ಮೊದಲು ಆಕೆಯನ್ನು ಕೇಳಬೇಕು. ಬೇಡ ಅಂದರೆ ಬೇಡ. ಉಳಿದ ಪರೀಕ್ಷೆ, ಚಿಕಿತ್ಸೆ ಅದಕ್ಕಾಗಿ ನಿಲ್ಲಬಾರದು. ನನ್ನ ಮುಂದಿರುವ ಕ್ಯಾಮೆರಾ ಊರಿಗೆಲ್ಲ ತೋರಿಸೋಕೆ ಇರೋದು. ನರ್ಸ್ ಕೈಯಲ್ಲಿರುವುದು ತನಿಖೆ ಮತ್ತು ನ್ಯಾಯಾಲಯಕ್ಕೆ ಮಾತ್ರ. ಈ ವ್ಯತ್ಯಾಸ ನಮ್ಮ ವೃತ್ತಿಯವರಿಗೆ ಚೆನ್ನಾಗಿ ಗೊತ್ತಿರಬೇಕು.

ಆದರೆ ಕ್ಯಾಮೆರಾಕ್ಕೂ ಒಂದು ಮಿತಿ ಇದೆ. ಭಯಕ್ಕೆ ಮರಗಟ್ಟಿದ ಹೆಣ್ಣಿನ ಮೈಮೇಲೆ ಗೀರೂ ಇರದೇ ಇರಬಹುದು. ಗಾಯವಿದ್ದರೆ ಫೋಟೋ ಮಾತಾಡುತ್ತೆ. ಗಾಯವಿಲ್ಲದ ಫೋಟೋ ಆರೋಪಿಯ ಪರ ಸಾಕ್ಷಿಯಲ್ಲ. ತರಬೇತಿ ಪಡೆದ ನರ್ಸ್ ಕಟಕಟೆಯಲ್ಲಿ ನಿಂತು ಹೇಳಬೇಕಾದ್ದು ಇದನ್ನೂ ಕೂಡ.

ನಮ್ಮ ಕಾನೂನಿಗೆ ಇದು ಅರ್ಥವಾಗೋಕೆ ಎಷ್ಟು ವರ್ಷ ಬೇಕಾಯಿತು? ಆ ತೀರ್ಪಿನ ವಿರುದ್ಧ 1979ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್ ಸೇರಿದಂತೆ ನಾಲ್ವರು ಕಾನೂನು ಪ್ರಾಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಮಹಿಳೆಯರು ಬೀದಿಗಿಳಿದರು. 1983ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಅಂದ ಮಾತ್ರಕ್ಕೆ ಒಪ್ಪಿಗೆ ಇತ್ತು ಅಂತ ಭಾವಿಸುವಂತಿಲ್ಲ ಎಂದು ಸ್ಪಷ್ಟವಾಗಿ ಬರೆದದ್ದು 2013ರಲ್ಲಿ. ಲೆಕ್ಕ ಹಾಕಿ, 35 ವರ್ಷ!

ನಮ್ಮಲ್ಲಿ ಈ ಪರೀಕ್ಷೆ ನೋಂದಾಯಿತ ವೈದ್ಯರ ಹೊಣೆ. ಇರಲಿ. ಆದರೆ ಅವರ ಪಕ್ಕದಲ್ಲಿ ಈ ಕೆಲಸ ಕಲಿತ ಒಬ್ಬ ನರ್ಸ್, ಒಂದು ಕ್ಯಾಮೆರಾ, ಒಂದು ಸ್ಕೇಲು ರಾತ್ರಿ ಎರಡು ಗಂಟೆಗೂ ಇರಬೇಕು. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಇದೆಯಾ? ಒಮ್ಮೆ ಹೋಗಿ ಕೇಳಿ.