ಲಷ್ಕರದ ಸಂತೆಯಿಂದ ಸಿಎಸ್‌ಡಿ ಕ್ಯಾಂಟೀನಿನವರೆಗೆ: ಬೀದರ್ ಸೀಮೆಯ ಸೈನಿಕ ಕುಟುಂಬಗಳ ದಿನಸಿ ಮತ್ತು ಆಸರೆಯ ಚರಿತ್ರೆ

ಬೀದರ್‌ನ ವಾಯುಪಡೆ ನೆಲೆಯ ಬಗ್ಗೆ ಬಂದಿರುವ ಬರಹಗಳು ಹೆಚ್ಚಾಗಿ ವಿಮಾನಗಳನ್ನೇ ಕುರಿತವು. ವೈಮಾನಿಕ ಪ್ರದರ್ಶನ ನೀಡುವ ಸೂರ್ಯಕಿರಣ ತಂಡ, ಕಿರಣ್ ಮತ್ತು ಹಾಕ್ ತರಬೇತಿ ವಿಮಾನ, ರನ್‌ವೇ ಇವೆಲ್ಲ ದಾಖಲಾಗಿವೆ. ಆ ವಿಮಾನ ಹಾರಿಸುವವನ, ಅದರ ಎಂಜಿನ್ ಬಿಚ್ಚಿ ಕಟ್ಟುವವನ ಮನೆಗೆ ಅಕ್ಕಿ ಬೇಳೆ ಎಲ್ಲಿಂದ ಬರುತ್ತದೆ, ಮಕ್ಕಳು ಎಲ್ಲಿ ಓದುತ್ತಾರೆ, ಅವನು ಊರಲ್ಲಿಲ್ಲದಾಗ ಹೆಂಡತಿ ಯಾರ ನೆರವು ಪಡೆಯುತ್ತಾಳೆ ಎಂಬ ಪ್ರಶ್ನೆಗಳು ಚರಿತ್ರೆಯ ಅಂಚಿನಲ್ಲೇ ಉಳಿದಿವೆ. ಈ ಲೇಖನ ಕೈಗೆತ್ತಿಕೊಳ್ಳುವುದು ಆ ಪ್ರಶ್ನೆಗಳನ್ನು. ನನ್ನ ವಾದ ಇಷ್ಟು: ಬೀದರ್ ಸೀಮೆಯಲ್ಲಿ ಸೈನಿಕನ ಕುಟುಂಬವನ್ನು ಪೋಷಿಸುವ ಹೊಣೆ ಶತಮಾನಗಳ ಕಾಲ ಸಂತೆಯದೂ ಸಾಹುಕಾರನದೂ ಆಗಿತ್ತು. ಸರ್ಕಾರ ಅದನ್ನು ಹೊತ್ತುಕೊಂಡದ್ದು ಬಹಳ ಈಚೆಗೆ. ಹೊತ್ತ ಮೇಲೂ ಅದು ನೆಲೆಯ ಗೇಟಿಗೆ ಅಂಟಿಕೊಂಡೇ ಬೆಳೆಯಿತು. ಭಾಲ್ಕಿ, ಔರಾದ್ ತಾಲ್ಲೂಕುಗಳ ಹಳ್ಳಿಗಳಿಗೆ ಅದರ ಫಲ ತಲುಪುವುದು ಇಂದಿಗೂ ಕಷ್ಟವೇ.

1470ರ ಸುಮಾರಿಗೆ ಬೀದರ್‌ಗೆ ಬಂದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಕುದುರೆಯನ್ನು ಸಮುದ್ರ ದಾಟಿಸಿ ತಂದು ಇಲ್ಲೇ ಮಾರಿದ. ಬಹಮನಿ ರಾಜಧಾನಿಯಲ್ಲಿ ಅವನು ಕಂಡದ್ದು ದಂಡು ಮತ್ತು ಪೇಟೆ ಒಂದಕ್ಕೊಂದು ಹೆಣೆದುಕೊಂಡ ಬದುಕು. ಸುಲ್ತಾನ ಹೊರಟರೆ ಸಾವಿರಾರು ಕುದುರೆ, ಆನೆ, ಪರಿವಾರದವರು ಜೊತೆಗೆ ಹೊರಡುತ್ತಿದ್ದರು. ಬೀದರ್‌ನಿಂದ ಹನ್ನೆರಡು ಕೋಸು ದೂರದ ಆಳಂದದಲ್ಲಿ ಶೇಖ್ ಅಲಾವುದ್ದೀನರ ನೆನಪಿಗೆ ವರ್ಷಕ್ಕೊಮ್ಮೆ ನೆರೆಯುತ್ತಿದ್ದ ಜಾತ್ರೆಗೆ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂದು ಅವನು ಬರೆದಿಟ್ಟಿದ್ದಾನೆ. ಆ ಸಂಖ್ಯೆಯನ್ನು ಅಕ್ಷರಶಃ ನಂಬಬೇಕಿಲ್ಲ. ಆದರೆ ಸೈನ್ಯಕ್ಕೆ ಬೇಕಾದದ್ದನ್ನು ಜಾತ್ರೆ ಒದಗಿಸುತ್ತಿತ್ತು ಎಂಬ ಮಾತು ಗಟ್ಟಿಯಾದದ್ದು. ಹಳ್ಳಿಗರು ಬಡವರು, ಅಮೀರರು ಅತಿ ಸಿರಿವಂತರು ಎಂಬುದನ್ನೂ ಅವನು ಗಮನಿಸಿದ. ಸಾಮಾನ್ಯ ಕಾಲಾಳಿನ ಮನೆ ಈ ಎರಡರಲ್ಲಿ ಯಾವ ಕಡೆಗಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ದಂಡಿನ ದಿನಸಿಯ ನಿಜವಾದ ಬೆನ್ನೆಲುಬು ಬಂಜಾರರು. ಎತ್ತಿನ ಬೆನ್ನಿಗೆ ಗೋಣಿ ಹೇರಿ ಧಾನ್ಯ, ಉಪ್ಪು ಸಾಗಿಸುತ್ತಿದ್ದ ಈ ಲಂಬಾಣಿಗರಿಲ್ಲದೆ ದಖ್ಖನಿನಲ್ಲಿ ದೊಡ್ಡ ಸೈನ್ಯವೊಂದು ಒಂದು ತಿಂಗಳು ನಿಲ್ಲುವುದೂ ಸಾಧ್ಯವಿರಲಿಲ್ಲ. 1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ ಉತ್ತರದಲ್ಲಿ ಕಂಡ ಒಂದೇ ತಾಂಡಾದಲ್ಲಿ ಧಾನ್ಯ ಹೇರಿದ ಹದಿನಾಲ್ಕು ಸಾವಿರ ಎತ್ತುಗಳಿದ್ದವು. ಅವರು ಹೆಂಡತಿ ಮಕ್ಕಳನ್ನೂ ಮನೆಯ ಸಾಮಾನನ್ನೂ ಕಟ್ಟಿಕೊಂಡೇ ನಡೆಯುತ್ತಿದ್ದರೆಂದು ಅವನು ಹೇಳುತ್ತಾನೆ. 1657ರಲ್ಲಿ ಔರಂಗಜೇಬನ ದಂಡು ಇಪ್ಪತ್ತೇಳು ದಿನ ಬೀದರ್ ಕೋಟೆಗೆ ಮುತ್ತಿಗೆ ಹಾಕಿ ಸಿದ್ದಿ ಮರ್ಜಾನನಿಂದ ಅದನ್ನು ಕಸಿದುಕೊಂಡ ಕಾಲದ ಮೊಗಲ್ ಯುದ್ಧಪದ್ಧತಿ ನಿಂತದ್ದೂ ಇಂಥ ಸಾಗಣೆಯ ಮೇಲೆಯೇ. 1803ರ ದಖ್ಖನ್ ದಂಡಯಾತ್ರೆಯಲ್ಲಿ ಆರ್ಥರ್ ವೆಲ್ಲೆಸ್ಲಿ ಕೂಡ ಬಂಜಾರರ ಎತ್ತುಗಳನ್ನು ಅವಲಂಬಿಸಿದ್ದ. ಔರಾದ್ ತಾಲ್ಲೂಕಿನಲ್ಲಿ ಇಂದು ತಾಂಡಾಗಳಿಲ್ಲದ ದಿಕ್ಕೇ ಇಲ್ಲ. ಅಲ್ಲಿಯ ಹುಡುಗರು ಸೇನೆಗೆ, ಅರೆಸೇನಾ ಪಡೆಗಳಿಗೆ ಸೇರಲು ಬೆಳಗಿನ ಜಾವ ರಸ್ತೆಯ ಮೇಲೆ ಓಡುತ್ತಾರೆ. ಸೈನ್ಯಕ್ಕೆ ಅನ್ನ ಹೊತ್ತ ಸಮುದಾಯದ ಮಕ್ಕಳು ಇವರು. ಚರಿತ್ರೆ ಇವರ ಋಣವನ್ನು ಇನ್ನೂ ಸರಿಯಾಗಿ ಬರೆದಿಟ್ಟಿಲ್ಲ.

ಸಂತೆಯಲ್ಲಿ ಕೊಳ್ಳಲು ಕೈಯಲ್ಲಿ ಸಂಬಳ ಬೇಕು. ನಿಜಾಮರ ರಾಜ್ಯದಲ್ಲಿ ಸಿಪಾಯಿಯ ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿಯುವುದು, ಆ ಬಾಕಿಯ ಮೇಲೆ ಸಾಹುಕಾರ ಸಾಲ ಕೊಡುವುದು ಹತ್ತೊಂಬತ್ತನೆಯ ಶತಮಾನದ ಸಾಮಾನ್ಯ ಕತೆ. ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ಹೈದರಾಬಾದ್ ಕಂಟಿಂಜೆಂಟಿಗೆ ಸಂಬಳ ಹೊಂದಿಸಲು ವಿಲಿಯಂ ಪಾಮರ್ ಕಂಪನಿ ಎಂಬ ಖಾಸಗಿ ಸಂಸ್ಥೆ ಸರ್ಕಾರಕ್ಕೇ ಸಾಲ ಕೊಟ್ಟಿತು. 1853ರ ಒಪ್ಪಂದದಲ್ಲಿ ಕಂಟಿಂಜೆಂಟಿನ ಖರ್ಚಿಗೆಂದು ಬೇರಾರ್ ಜೊತೆಗೆ ಧಾರಾಶಿವವನ್ನೂ ರಾಯಚೂರು ದೋಆಬನ್ನೂ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಲಾಯಿತು. 1860ರಲ್ಲಿ ಈ ಕೊನೆಯ ಎರಡು ನಿಜಾಮರಿಗೆ ಮರಳಿದವು. ಅಂದರೆ ಏಳು ವರ್ಷ ರಾಯಚೂರು ಸೀಮೆಯ ಕನ್ನಡ ರೈತ ಕಟ್ಟಿದ ಕಂದಾಯ ನೇರವಾಗಿ ಸಿಪಾಯಿಗಳ ಸಂಬಳದ ಲೆಕ್ಕಕ್ಕೆ ಹೋಯಿತು. ಹೊತ್ತಿಗೆ ಸರಿಯಾಗಿ ಬರುವ ಸಂಬಳವೇ ಕುಟುಂಬಕ್ಕೆ ಸಿಗುವ ಮೊದಲ ಆಸರೆ. ಮಿಕ್ಕ ಸೇವೆಗಳೆಲ್ಲ ಅದರ ನಂತರದವು.

ಸೈನಿಕನ ಮನೆಯವರ ಯೋಗಕ್ಷೇಮ ಸರ್ಕಾರದ ಕೆಲಸ ಎಂಬ ತಿಳಿವು ಗಟ್ಟಿಯಾದದ್ದು ಮೊದಲ ಮಹಾಯುದ್ಧದ ಹೊಡೆತದಿಂದ. 1919ರಲ್ಲಿ ಹುಟ್ಟಿದ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಮುಂದೆ 1975ರಲ್ಲಿ ಕೇಂದ್ರೀಯ ಸೈನಿಕ ಮಂಡಳಿ ಎಂಬ ಹೆಸರು ಪಡೆಯಿತು. ಅದರ ಕೆಳಗಿನ ಜಿಲ್ಲಾ ಮಂಡಳಿಗಳು ಬಲವಾಗಿ ಬೇರೂರಿದ್ದು ಪಂಜಾಬಿನಂತೆ ಹೆಚ್ಚು ಜನ ಸೈನ್ಯಕ್ಕೆ ಸೇರುತ್ತಿದ್ದ ಸೀಮೆಗಳಲ್ಲಿ. ದಿನಸಿಯ ಕತೆ ಬೇರೆ. ಪಲ್ಟಣಗಳ ಕ್ಯಾಂಟೀನುಗಳನ್ನು ಬಹುಕಾಲ ಗುತ್ತಿಗೆದಾರರು ನಡೆಸಿದರು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಸರ್ಕಾರ ಕ್ಯಾಂಟೀನ್ ಸರ್ವೀಸಸ್ ಎಂಬ ತನ್ನದೇ ವ್ಯವಸ್ಥೆ ಕಟ್ಟಿತು. 1948ರ ಜನವರಿ 1ರಂದು ಅದರ ಜಾಗದಲ್ಲಿ ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್, ಎಲ್ಲರ ಬಾಯಲ್ಲಿರುವ ಸಿಎಸ್‌ಡಿ, ಮುಂಬೈಯನ್ನು ಕೇಂದ್ರ ಮಾಡಿಕೊಂಡು ಆರಂಭವಾಯಿತು.

ಅದೇ 1940ರ ದಶಕದಲ್ಲಿ, ನಿಜಾಮರ ಆಳ್ವಿಕೆಯಲ್ಲಿ, ಬೀದರ್‌ನ ವಿಮಾನ ಪಟ್ಟಿ ಸಿದ್ಧವಾಗಿತ್ತು. ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲು, ವರ್ಷದ ಬಹುಪಾಲು ತಿಳಿಯಾದ ಆಕಾಶ ಇವೆರಡೂ ಹಾರಾಟಕ್ಕೆ ಹೇಳಿ ಮಾಡಿಸಿದಂತಿದ್ದವು. 1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕ ನಿಜಾಮರಿಗಾಗಿ ಕರಾಚಿಯಿಂದ ಕದ್ದುಮುಚ್ಚಿ ತಂದ ಶಸ್ತ್ರಗಳು ಇಳಿದ ತಾಣಗಳಲ್ಲಿ ಬೀದರ್, ವರಂಗಲ್ ಎರಡೂ ಸೇರಿದ್ದವು. ಆ ಸೆಪ್ಟೆಂಬರಿನಲ್ಲಿ ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯೊಂದಿಗೆ ಆ ಅಧ್ಯಾಯ ಮುಗಿಯಿತು. 1956ರಲ್ಲಿ ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ಪೈಲಟ್‌ಗಳ ಪ್ರಾಥಮಿಕ ತರಬೇತಿ ಶಾಲೆಯೊಂದಿಗೆ ನೆಲೆ ಮತ್ತೆ ಜೀವ ತಳೆಯಿತು.

ಇಲ್ಲೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ, ಸುತ್ತಲಿನ ಹಳ್ಳಿಗಳಲ್ಲಿ ತಲೆಮಾರುಗಳ ಸೈನಿಕರಿದ್ದಾರೆ. ಕೊಡಗಿನ ಮಾತಂತೂ ಎಲ್ಲರಿಗೂ ಗೊತ್ತು. ಬೀದರ್ ನೆಲೆ ಹಾಗೆ ಊರಿನ ಸೈನಿಕರಿಗಾಗಿ ಬಂದದ್ದಲ್ಲ, ಆಕಾಶಕ್ಕಾಗಿ ಬಂದದ್ದು. ಅಲ್ಲಿಗೆ ವರ್ಗವಾಗಿ ಬಂದವರು ಪಂಜಾಬಿನವರು, ಕೇರಳದವರು, ಬಿಹಾರದವರು. ಹೀಗಾಗಿ ಈ ಜಿಲ್ಲೆಯಲ್ಲಿ ಸೈನಿಕ ಕುಟುಂಬಗಳು ಎರಡು ಬಗೆಯವಾದವು. ಕೆಲವು ವರ್ಷ ಇದ್ದು ಹೋಗುವ ಹೊರಗಿನ ಮನೆಗಳು ಒಂದು ಬಗೆ, ಮನೆಯಾತ ಕಾಶ್ಮೀರದಲ್ಲೋ ಅಸ್ಸಾಮಿನಲ್ಲೋ ಇರುವ ಭಾಲ್ಕಿ, ಔರಾದ್‌ಗಳ ಮನೆಗಳು ಇನ್ನೊಂದು. ಸೇವೆಗಳ ಏರ್ಪಾಡಾದದ್ದು ಮೊದಲನೆಯವರಿಗಾಗಿ.

ಆ ಏರ್ಪಾಡು ಚೆನ್ನಾಗಿಯೇ ಆಯಿತು. ವರ್ಗಾವಣೆಯ ಮಕ್ಕಳ ಓದು ಕೆಡಬಾರದೆಂದು 1963ರಲ್ಲಿ ಇಪ್ಪತ್ತು ರೆಜಿಮೆಂಟ್ ಶಾಲೆಗಳನ್ನು ಕೈಗೆತ್ತಿಕೊಂಡು ಕೇಂದ್ರ ಸರ್ಕಾರ ಆರಂಭಿಸಿದ ಯೋಜನೆಯೇ ಇಂದಿನ ಕೇಂದ್ರೀಯ ವಿದ್ಯಾಲಯಗಳ ಮೂಲ. ಬೀದರ್ ನೆಲೆಗೂ ಅದು ಬಂತು. ಕ್ಯಾಂಟೀನು ಬಂತು. ಕ್ವಾರ್ಟರ್ಸ್ ಸಾಲದಾದಾಗ ಕುಟುಂಬಗಳು ಊರೊಳಗೆ ಬಾಡಿಗೆ ಮನೆ ಹಿಡಿದವು. ಆಗ ಊರು ಮತ್ತು ನೆಲೆಯ ನಡುವೆ ನಂಟು ಬೆಳೆಯಿತು. ಕ್ಯಾಂಟೀನಿನಲ್ಲಿ ಸಿಗುವುದು ಹೆಚ್ಚಾಗಿ ಕಾರ್ಖಾನೆಯ ಸಾಮಾನು: ಸೋಪು, ಎಣ್ಣೆ, ಬಿಸ್ಕತ್ತು, ಪ್ರೆಷರ್ ಕುಕ್ಕರು. ಮುಂಗಡ ಬೇಡಿಕೆಯ ಮೇಲೆ ಫ್ರಿಜ್ಜು, ಬೈಕು, ಕಾರು ಕೂಡ ಬರುತ್ತವೆ. ತೊಗರಿ ಬೇಳೆಗೆ, ಉದ್ದಿಗೆ ಗಾಂಧಿ ಗಂಜ್‌ಗೇ ಹೋಗಬೇಕು. ಬಟ್ಟೆಬರೆಗೆ ಚೌಬಾರ, ಶಹಾಗಂಜ್, ಮೋಹನ್ ಮಾರ್ಕೆಟ್. ಅಂಗಡಿಯವರ ದಖ್ಖನಿ ಉರ್ದು ಉತ್ತರದಿಂದ ಬಂದ ಗೃಹಿಣಿಯರಿಗೆ ಹಿಂದಿಯಷ್ಟೇ ಸಲೀಸು. ಬೀದರ್‌ನಲ್ಲಿ ಹೊರಗಿನವರು ಬೇಗ ಒಗ್ಗಿಕೊಳ್ಳಲು ಇದೂ ಒಂದು ಕಾರಣವೆಂದು ನಾನು ತಿಳಿಯುತ್ತೇನೆ. ಸಿಖ್ ಕುಟುಂಬಗಳಿಗಂತೂ ನಾನಕ್ ಝೀರಾ ಗುರುದ್ವಾರ ಇತ್ತು. ಪಂಚಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರು ಎಂಬ ಹೆಮ್ಮೆಯನ್ನು ಊರು ಮತ್ತು ನೆಲೆ ಹಂಚಿಕೊಂಡಿವೆ.

ದಿನಸಿಗಿಂತ ಆಳವಾದ ಆಸರೆಯ ಅಗತ್ಯ ಬಿದ್ದದ್ದು ದುರಂತಗಳಲ್ಲಿ. 1996ರಲ್ಲಿ ಬೀದರ್‌ನಲ್ಲೇ ಹುಟ್ಟಿದ ಸೂರ್ಯಕಿರಣ ತಂಡ 2006ರಲ್ಲಿ ಇಬ್ಬರನ್ನು, 2009ರ ಜನವರಿಯಲ್ಲಿ ಒಬ್ಬರನ್ನು ಬೀದರ್ ಬಳಿಯೇ ಕಳೆದುಕೊಂಡಿತು. 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ತಂಡದ ಎರಡು ಹಾಕ್ ವಿಮಾನಗಳು ಡಿಕ್ಕಿಯಾಗಿ ಮತ್ತೊಬ್ಬ ಪೈಲಟ್ ತೀರಿಕೊಂಡರು. ಇಂಥ ಹೊತ್ತಿನಲ್ಲಿ ಮೊದಲು ಬಾಗಿಲು ತಟ್ಟುವವರು ಅಕ್ಕಪಕ್ಕದ ಕ್ವಾರ್ಟರ್ಸಿನ ಹೆಂಗಸರು. ವಾಯುಪಡೆ ಪತ್ನಿಯರ ಕಲ್ಯಾಣ ಸಂಘ, ಈಗಿನ ಹೆಸರಿನಲ್ಲಿ ಕುಟುಂಬ ಕಲ್ಯಾಣ ಸಂಘ, ಎಲ್ಲ ನೆಲೆಗಳಲ್ಲೂ ನಡೆಸುವ ಶಿಶುವಿಹಾರ, ಹೊಲಿಗೆ ತರಗತಿ, ವಿಧವೆಯರ ನೆರವುಗಳನ್ನು ಕೆಲವರು ಹೊತ್ತು ಕಳೆಯುವ ಕೆಲಸವೆಂದು ಹಗುರವಾಗಿ ಕಾಣುವುದುಂಟು. ಅದು ತಪ್ಪು. ಸಂಬಳವಿಲ್ಲದೆ ದುಡಿದ ಈ ಹೆಂಗಸರ ಶ್ರಮವೇ ನೆಲೆಯ ಆಸರೆ ವ್ಯವಸ್ಥೆಯ ಮುಖ್ಯ ಬಂಡವಾಳ.

ಕ್ಯಾಂಟೀನಿನ ಲೆಕ್ಕಾಚಾರಕ್ಕೂ ಒಂದು ಚರಿತ್ರೆಯಿದೆ. 1977ರಿಂದ ಸಿಎಸ್‌ಡಿಯ ಹಣ ದೇಶದ ಸಂಚಿತ ನಿಧಿಯ ಭಾಗವಾಯಿತು. ಅದರ ಡಿಪೋಗಳಿಂದ ಸಾಮಾನು ಕೊಂಡು ಗ್ರಾಹಕರಿಗೆ ಮಾರುವ ಘಟಕ ಕ್ಯಾಂಟೀನುಗಳು ಮಾತ್ರ ಹೊರಗೇ ಉಳಿದವು. ಅವುಗಳ ನೌಕರರು ಸರ್ಕಾರಿ ನೌಕರರೆಂದು 2001ರಲ್ಲಿ ಹೇಳಿದ ಸುಪ್ರೀಂ ಕೋರ್ಟು, 2009ರ ಪಿಳ್ಳೈ ಪ್ರಕರಣದಲ್ಲಿ ದೊಡ್ಡ ಪೀಠದ ಮೂಲಕ ಅದನ್ನು ತಳ್ಳಿಹಾಕಿತು. ಜಿಎಸ್‌ಟಿ ಬಂದ ಮೇಲೆ ಸಿಎಸ್‌ಡಿ ಕೊಟ್ಟ ತೆರಿಗೆಯಲ್ಲಿ ಅರ್ಧ ಮರುಪಾವತಿಯಾಗುತ್ತದೆ. ದರ ಕಡಿಮೆಯಾಗಲು ಅದೂ ಒಂದು ಕಾರಣ. ಕ್ಯಾಂಟೀನಿನ ಅಗ್ಗದ ದರವನ್ನು ಯಾರದೋ ಔದಾರ್ಯ ಎನ್ನುವಂತಿಲ್ಲ. ಅದು ಜನರ ತೆರಿಗೆ ಹಣದ ಪಾಲು, ಹಕ್ಕಾಗಿ ಸಿಗಬೇಕಾದದ್ದು.

ಈಗ ಭಾಲ್ಕಿ, ಔರಾದ್‌ಗಳ ಮಾತು. ಎರಡೂ ಊರು ಬೀದರ್‌ನಿಂದ ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಭಾಲ್ಕಿಗೆ ರೈಲಿದೆ, ಔರಾದ್‌ಗೆ ಬಸ್ಸೇ ಗತಿ. ಮಹಾರಾಷ್ಟ್ರದ ಗಡಿಯಂಚಿನ ಹಳ್ಳಿಯಿಂದ ಒಬ್ಬ ಮಾಜಿ ಸೈನಿಕನ ವಿಧವೆ ಹೊರಟರೆ ಮೊದಲು ತಾಲ್ಲೂಕು ಕೇಂದ್ರಕ್ಕೆ, ಅಲ್ಲಿಂದ ಬೀದರ್‌ಗೆ, ಅಲ್ಲಿಂದ ಆಟೋ ಹಿಡಿದು ನೆಲೆಯ ಗೇಟಿಗೆ ಬರಬೇಕು. ತಿಂಗಳ ಸಾಮಾನಿನಲ್ಲಿ ಉಳಿದ ಹಣವನ್ನು ಬಸ್ ಚಾರ್ಜು ನುಂಗುತ್ತದೆ, ಒಂದು ದಿನದ ಕೂಲಿಯೂ ಹೋಗುತ್ತದೆ. ನೇಮಕಾತಿಯ ವ್ಯಾಪ್ತಿಯಲ್ಲಿ ಬೀದರ್ ಜಿಲ್ಲೆ ಸೇರಿರುವುದು ನಾನೂರು ಕಿಲೋಮೀಟರಿಗೂ ಆಚೆಗಿನ ಬೆಳಗಾವಿ ಕಚೇರಿಗೆ. ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್‌ನಂಥ ಪಡೆಗಳಿಗೆ ಸೇರಿದವರ ಮನೆಗಳಿಗೆ ಸಿಎಸ್‌ಡಿ ಇಲ್ಲ. ಅವರಿಗೆ 2006ರಲ್ಲಿ ಬೇರೆಯೇ ಪೊಲೀಸ್ ಕ್ಯಾಂಟೀನ್ ವ್ಯವಸ್ಥೆ ಬಂತು. ಒಂದೇ ಓಣಿಯ ಎರಡು ಮನೆಗಳ ಮಕ್ಕಳು ಒಂದೇ ಗಡಿಯಲ್ಲಿ ನಿಂತರೂ ಚೀಲ ತುಂಬುವ ಅಂಗಡಿ ಬೇರೆ ಬೇರೆ.

2022ರ ಅಗ್ನಿಪಥ ಯೋಜನೆ ಈ ಅಂತರವನ್ನು ಇನ್ನಷ್ಟು ಹಿಗ್ಗಿಸಿದೆ. ನಾಲ್ಕು ವರ್ಷ ದುಡಿದು ಹೊರಬರುವ ಅಗ್ನಿವೀರರಿಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಸಿಗುತ್ತದೆ. ಮಾಜಿ ಸೈನಿಕ ಎಂಬ ಸ್ಥಾನ, ಪಿಂಚಣಿ, ಕ್ಯಾಂಟೀನು, 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇವಾವುವೂ ಸಿಗುವುದಿಲ್ಲ. ಮೊದಲ ತಂಡದ ಅವಧಿ ಮುಗಿಯುವುದು 2026ರ ಕೊನೆಯ ಹೊತ್ತಿಗೆ. ತಾಂಡಾಗಳಿಂದ ಹೋದ ಹುಡುಗರು ಊರಿಗೆ ಮರಳಿದಾಗ ಅವರ ತಾಯಂದಿರಿಗೆ ಸಂತೆ ಮತ್ತು ಸಾಹುಕಾರ ಮಾತ್ರ ಉಳಿಯುತ್ತಾರೆ ಎಂಬ ಆತಂಕ ನನ್ನದು.

ಈ ಅಧ್ಯಯನ ಎರಡು ಬೇಡಿಕೆಗಳಿಗೆ ಆಧಾರ ಒದಗಿಸುತ್ತದೆ. ತಿಂಗಳಿಗೆ ಎರಡು ಬಾರಿಯಾದರೂ ಭಾಲ್ಕಿ ಮತ್ತು ಔರಾದ್ ತಾಲ್ಲೂಕು ಕೇಂದ್ರಗಳಿಗೆ ಕ್ಯಾಂಟೀನಿನ ವಾಹನ ಬರಲಿ. ಪಿಂಚಣಿ, ಆರೋಗ್ಯ ಕಾರ್ಡುಗಳ ಕೆಲಸ ಮಾಡುವ ಒಬ್ಬ ಸೈನಿಕ ಕಲ್ಯಾಣ ಸಿಬ್ಬಂದಿಯೂ ಅದರ ಜೊತೆಗಿರಲಿ. ನಾಲ್ಕು ವರ್ಷ ಸೇವೆ ಮುಗಿಸಿ ಬರುವವರ ಮನೆಗಳನ್ನೂ ಈ ಸೇವೆಗಳನ್ನು ಪಡೆಯುವವರ ಪಟ್ಟಿಗೆ ಸೇರಿಸುವ ನಿರ್ಧಾರವನ್ನು ಕೇಂದ್ರ ಸರ್ಕಾರ ಮೊದಲ ತಂಡ ಊರು ತಲುಪುವ ಮುನ್ನವೇ ಕೈಗೊಳ್ಳಬೇಕು.